ಖಾಲಿ ಮನೆಗೆ ಹೆಜ್ಜೆ

ಡೆಟ್ರಾಯಿಟ್ ಮಹಾನಗರವಂತೆ! ವರ್ಲೀನಳ ಬೀದಿಯಲ್ಲಿ ನಿಂತು ಆ ಮಾತು ಆಡಿದರೆ ಹುಲ್ಲಿನೊಳಗಿನ ಕಾಡುಕೋಳಿಗಳೂ ನಕ್ಕಾವು. ನಲವತ್ತು ಮನೆಗಳಿದ್ದ ಬೀದಿಯಲ್ಲಿ ಉಳಿದಿದ್ದು ಆರು, ಒಲೆ ಉರಿಯುತ್ತಿದ್ದುದು ಎರಡರಲ್ಲಿ. ಮಿಕ್ಕದ್ದೆಲ್ಲ ಎದೆಯೆತ್ತರದ ಹುಲ್ಲು, ಹುಲ್ಲಿನ ನಡುವೆ ಹೋಸಿಯನ ಸೊಪ್ಪಿನ ಮಡಿಗಳು. ಎದುರುಮನೆಯ ಈ ಹೋಸಿಯ ಮೊಬೈಲು ಮುಟ್ಟದ ಹಠಮಾರಿ. ಮೂವತ್ತು ವರ್ಷದಿಂದ ವರ್ಲೀನಳಿಗೆ ಅಣ್ಣನ ಹಾಗಿದ್ದ.

ಚಳಿಗಾಲದಲ್ಲಿ ಇವರಿಬ್ಬರಿಗೆ ಒಂದು ಹೆಚ್ಚಿನ ಕೆಲಸ. ಹಿಮ ಬಿದ್ದ ಬೆಳಿಗ್ಗೆ ಖಾಲಿ ಮನೆಗಳ ಬಾಗಿಲತನಕ ನಡೆದು ಹೆಜ್ಜೆ ಮೂಡಿಸಿ ಬರಬೇಕು. ಹೆಜ್ಜೆಯಿಲ್ಲದ ಅಂಗಳ ಕಂಡರೆ ಕಳ್ಳರು ತಾಮ್ರದ ಪೈಪಿನಿಂದ ಚಿಲಕದವರೆಗೆ ಕಿತ್ತು ಗುಡಿಸಿ ಗುಂಡಾಂತರ ಮಾಡಿಬಿಡುತ್ತಾರೆ. ಆಮೇಲೆ ಬುಲ್ಡೋಜರ್ ಬರುತ್ತದೆ, ಹುಲ್ಲು ಬರುತ್ತದೆ.

ಬುಧವಾರ ಸಂಜೆ ಹೋಸಿಯ ಬಂದು ಹೇಳಿದ: “ನಾಳೆ ಬೆಳಗಾಗೋ ಮುಂಚೆ ಅಲಬಾಮಾ ಬಸ್ಸು ಹಿಡೀತೀನಿ ಕಣೇ, ಮಗಳ ಕೂಸನ್ನ ನೋಡ್ಬೇಕು. ನನ್ನ ಬಾಗಿಲಿಗೂ ನಾಲ್ಕು ಹೆಜ್ಜೆ ಹಾಕು. ಗಂಡಸಿನ ಬೂಟು ಹಾಕ್ಕೊ, ಕಳ್ಳರಿಗೆ ಸ್ವಲ್ಪ ಭಯ ಇರ್ಲಿ.”

“ಹೋಗಯ್ಯ! ನಿನ್ನ ಮೂತಿಗೇ ಹೆದರದವರು ಬೂಟಿಗೆ ಹೆದರ್ತಾರಾ?”

ಗುರುವಾರ ಅವನ ಅಂಗಳದ ಹಿಮ ಹಾಲಿನ ಕೆನೆಯ ಹಾಗೆ ನುಣ್ಣಗಿತ್ತು. ಹಿಮ ಬೀಳುವ ಮೊದಲೇ ಹೊರಟನೇನೋ ಎಂದುಕೊಂಡು ವರ್ಲೀನ್ ಸತ್ತ ಗಂಡನ ಬೂಟಿನಲ್ಲಿ ತುಳಿದು ಬಂದಳು. ಶುಕ್ರವಾರ ಮೆಟ್ಟಿಲು ಹತ್ತಿದಾಗ ಒಳಗಿನಿಂದ ಗಂಡಸಿನ ದನಿ ಸಣ್ಣಗೆ ಕೇಳಿಸಿತು. ಊರಿಗೆ ಹೋಗುವಾಗ ರೇಡಿಯೊ ಹಚ್ಚಿಟ್ಟು ಹೋಗುವುದು ಆ ಬೀದಿಯ ಹಳೆಯ ಉಪಾಯ. ‘ಪರವಾಗಿಲ್ಲ, ಬುದ್ಧಿ ಇದೆ ಇವನಿಗೆ’ ಎಂದು ನಕ್ಕು, ಶಾಲೆಯ ಅಡುಗೆಮನೆಯ ಕೆಲಸಕ್ಕೆ ಬಿರಬಿರನೆ ನಡೆದಳು.

ಶನಿವಾರ ಸಂಜೆ ಹೋಸಿಯನ ಮಗಳು ಲೊರೇಟಾಳ ಫೋನು: “ಆಂಟಿ, ನಿನ್ನೆಯಿಂದ ಕಾಯ್ತಿದ್ದೀನಿ, ಅಪ್ಪ ಯಾವ ಬಸ್ಸಿಂದಲೂ ಇಳೀಲೇ ಇಲ್ಲ.”

ವರ್ಲೀನ್ ಫೋನು ಬಿಸುಟಳು. ಓಡಿಹೋಗಿ ಕಿಟಕಿ ಒಡೆದು ಒಳನುಗ್ಗಿದಳು. ಬಚ್ಚಲ ಬಾಗಿಲಲ್ಲಿ ಹೋಸಿಯ ಬಿದ್ದಿದ್ದ, ಮೈ ತಣ್ಣಗಾಗಿತ್ತು. ಮನೆಯಲ್ಲೆಲ್ಲೂ ರೇಡಿಯೊ ಉಲಿಯುತ್ತಿರಲಿಲ್ಲ. “ಅಯ್ಯೋ, ಎಂಥ ಪಾಪಿ ನಾನು!” ಎಂದು ಎದೆ ಬಡಿದುಕೊಂಡಳು.

ಬುಧವಾರ ರಾತ್ರಿಯೇ ಸೊಂಟ ಮುರಿದಿತ್ತು, ಶುಕ್ರವಾರ ಸಂಜೆಯತನಕ ಜೀವ ಇದ್ದಿರಬೇಕು ಎಂದರು ಡಾಕ್ಟರು.

ಮಣ್ಣಿನ ದಿನ ಪಾದ್ರಿ ಅವಳನ್ನು ಪಕ್ಕಕ್ಕೆ ಕರೆದರು. “ಬಿದ್ದ ಕೂಡಲೇ ಹೋದ ಅಂತ ಲೊರೇಟಾಗೆ ಹೇಳಿಬಿಡಮ್ಮ. ಬಾಣಂತಿ ಹುಡುಗಿ. ನಿಜ ಹೇಳಿ ಯಾರಿಗೇನು ಸುಖ?” ವರ್ಲೀನ್ ತಲೆಯಾಡಿಸಿದಳು. ಹಾಗೇ ಹೇಳಬೇಕೆಂದೂ ಇದ್ದಳು.

ಊಟದ ಹೊತ್ತಿಗೆ ಲೊರೇಟಾ ಕೂಸನ್ನೆತ್ತಿಕೊಂಡು ಬಂದು ಅವಳ ಕೈ ಹಿಡಿದಳು. “ಅಪ್ಪ ನರಳಲಿಲ್ಲ ಅಲ್ವಾ ಆಂಟಿ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆ ಕೈಯ ಬಿಸಿಗೆ ಹೊರಡಲೇ ಇಲ್ಲ.

“ನರಳಿದ, ಮಗಳೇ. ನಾನು ಬಾಗಿಲ ಹೊರಗೇ ಇದ್ದೆ. ದನಿ ಕೇಳಿಸ್ತು. ರೇಡಿಯೊ ಅಂದ್ಕೊಂಡೆ.”

ಲೊರೇಟಾ ಕೈ ಬಿಡಲಿಲ್ಲ. ಕೇಳಿದಳು: “ಏನಂತಿದ್ದ?”

“ಗೊತ್ತಿಲ್ಲ ಕಣೇ,” ಅಂದಳು ವರ್ಲೀನ್. “ಕೆಲಸಕ್ಕೆ ಹೊತ್ತಾಗಿತ್ತು. ನಾನು ನಿಂತು ಕೇಳಲಿಲ್ಲ.”