ಅಕ್ಕಯ್ಯಮ್ಮನ ಕಿವಿಗಾಗಿ ಹಳೆಯ ಲ್ಯಾಪ್‌ಟಾಪ್

ಕಿವಿಯ ಮೆಷೀನು ರಿಪೇರಿಯಾಗಿ ಬಂದ ಮೇಲೆ ಅಕ್ಕಯ್ಯಮ್ಮ ಮಾತಾಡುವುದನ್ನೇ ನಿಲ್ಲಿಸಿಬಿಟ್ಟರು.

ಕೊಡಿಗೇಹಳ್ಳಿ ಮೇನ್ ರೋಡಿನ ಆ ಕಟ್ಟಡ ಅವರದೇ. ಕೆಳಗಡೆ ಒಂದು ಔಷಧಿ ಅಂಗಡಿ, ಅದರ ಪಕ್ಕದಲ್ಲಿ ನಯನಾಳ ಸಣ್ಣ ಕ್ಲಿನಿಕ್ಕು. ಜನರ ಕಿವಿ ಪರೀಕ್ಷೆ ಮಾಡಿ, ಕೇಳುವ ಯಂತ್ರ ಹೊಂದಿಸಿಕೊಡುವುದು ನಯನಾಳ ಕೆಲಸ. ಎರಡನೇ ಮಹಡಿಯಲ್ಲಿ ಅಕ್ಕಯ್ಯಮ್ಮ, ಮಗ ಮುನಿಆಂಜಿನಪ್ಪನ ಸಂಸಾರದ ಜೊತೆ ಇದ್ದರು. ನಯನಾ ಬಾಡಿಗೆಗೆ ಬಂದ ಹೊಸದರಲ್ಲಿ ಅವಳ ಮೊದಲ ಗಿರಾಕಿಯೂ ಅವರೇ. ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ನಯನಾ ಆಗ ಕೂರಿಸಿಕೊಟ್ಟ ಮೆಷೀನನ್ನೇ ಇವತ್ತಿನವರೆಗೂ ಹಾಕಿಕೊಳ್ಳುತ್ತಿದ್ದರು.

ಬೆಳಿಗ್ಗೆ ಕ್ಲಿನಿಕ್ಕಿನ ಶಟರ್ ಎತ್ತುವ ಸದ್ದಿಗೇ ಕಾದವರಂತೆ ಅಕ್ಕಯ್ಯಮ್ಮ ಇಳಿದು ಬರುವರು. ರೋಗಿಗಳಿಗೆಂದು ಹಾಕಿದ ಬೆಂಚಿನ ಮೇಲೆ ಕೂತು, ಎದುರುಗಡೆಯವನು ಸೈಟು ಒತ್ತರಿಸಿ ಮೆಟ್ಟಿಲು ಕಟ್ಟಿದ್ದು, ಸೊಸೆ ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕಿದ್ದು, ಎಲ್ಲವನ್ನೂ ವಿಚಾರಣೆ ಮಾಡಿ ಮುಗಿಸುವರು. ಪರೀಕ್ಷೆಗೆ ಬಂದವರಿಗೂ ಧೈರ್ಯ ಹೇಳುವರು. "ಎದರ್ಕಬ್ಯಾಡಿ, ನೋವಾಗಾಕಿಲ್ಲ. ನನ್ನ ನೋಡಿ" ಎಂದು ಕಿವಿ ತಿರುಗಿಸಿ ತೋರಿಸುವರು.

ಮಳೆಗಾಲದಲ್ಲಿ ಆ ಮೆಷೀನು ಕರಕರ ಎನ್ನತೊಡಗಿತು. ನಯನಾ ಅದನ್ನು ಸರ್ವಿಸ್ ಸೆಂಟರಿಗೆ ಕಳಿಸಿದಳು. ಅವರು ಒಳಗಿನ ಸರ್ಕ್ಯೂಟು ಬದಲಾಯಿಸಿ ವಾಪಸ್ ಕಳಿಸಿದರು. ಕರಕರ ಹೋಗಿತ್ತು. ಆದರೆ ಅಕ್ಕಯ್ಯಮ್ಮನ ಕಿವಿಗೆಂದು ನಯನಾ ಹಿಂದೆ ಮಾಡಿದ್ದ ಹೊಂದಾಣಿಕೆಯೂ ಹಳೆ ಸರ್ಕ್ಯೂಟಿನ ಜೊತೆಗೇ ಹೋಗಿತ್ತು. ಈಗ ಅದಕ್ಕೆ ಮಾತೂ ಒಂದೇ, ಮಿಕ್ಸಿಯೂ ಒಂದೇ. ಬಸ್ಸಿನ ಹಾರ್ನು ತಲೆಗೆ ಮೊಳೆ ಹೊಡೆದ ಹಾಗೆ ಕೇಳುತ್ತಿತ್ತು, ಪಕ್ಕದಲ್ಲಿ ಕೂತವರ ಮಾತು ಬಾವಿಯೊಳಗಿಂದ ಬಂದ ಹಾಗೆ.

ಸಾಮಾನ್ಯವಾಗಿ ಇದು ಕಷ್ಟದ ಕೆಲಸವಲ್ಲ. ಮೆಷೀನಿಗೆ ಸಣ್ಣ ವೈರು ಸಿಕ್ಕಿಸಿ, ಆ ವೈರನ್ನು ಒಂದು ಡಬ್ಬಿಗೆ, ಡಬ್ಬಿಯನ್ನು ಕಂಪ್ಯೂಟರಿಗೆ ಜೋಡಿಸಿ, ಅವರು ಹೇಳಿದಂತೆ ಹೆಚ್ಚು ಕಮ್ಮಿ ಮಾಡಿದರೆ ಮುಗಿಯಿತು. ಆದರೆ ಕ್ಲಿನಿಕ್ಕಿನ ಕಂಪ್ಯೂಟರು ಹೊಸದು. ಅದರಲ್ಲಿದ್ದ ಸಾಫ್ಟ್‌ವೇರಿಗೆ ಆ ಹಳೆಯ ಮಾಡೆಲ್ಲಿನ ಗುರುತೇ ಇರಲಿಲ್ಲ. ಹಳೆಯ ಸಾಫ್ಟ್‌ವೇರಿನ ಸಿಡಿ ಇತ್ತು. ಹೊಸ ಕಂಪ್ಯೂಟರು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕಂಪನಿಗೆ ಫೋನ್ ಮಾಡಿದಾಗ ಆ ಕಡೆಯ ಹುಡುಗಿ ನಯವಾಗಿ, "ಆ ಮಾಡೆಲ್ ನಿಂತು ತುಂಬಾ ವರ್ಷ ಆಯ್ತು ಮೇಡಂ, ಅವರಿಗೆ ಹೊಸದು ಕೊಡಿಸಿಬಿಡಿ" ಎಂದಳು.

ಮುನಿಆಂಜಿನಪ್ಪ ಹೊಸದನ್ನೂ ಕೊಡಿಸಿದರು. ಫೋನಿಗೆ ಸೇರಿಕೊಳ್ಳುವಂಥದ್ದು, ನೋಡಲು ಚೆನ್ನಾಗಿಯೂ ಇತ್ತು. ನಯನಾ ಮತ್ತೆ ಮತ್ತೆ ಕೂರಿಸಿ ಸರಿಮಾಡಿದಳು. ಅಕ್ಕಯ್ಯಮ್ಮ ಕೆಲವು ದಿನ ಹಾಕಿಕೊಂಡು, "ತಗಡಿನ ಮ್ಯಾಲೆ ಕೋಳಿ ಕೆರೆದಂಗೆ ಆಯ್ತದೆ" ಎಂದು ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಟ್ಟರು. ಆಮೇಲೆ ಕೆಳಗೆ ಇಳಿಯುವುದನ್ನೂ ಬಿಟ್ಟರು. ಯಾರಾದರೂ ಏನಾದರೂ ಕೇಳಿದರೆ ಸುಮ್ಮನೆ ನಕ್ಕು ತಲೆಯಾಡಿಸುವರು. ಊಟ ಆಯಿತೇ ಎಂದರೂ ಅದೇ, ಮಾತ್ರೆ ತಗೊಂಡಿರಾ ಎಂದರೂ ಅದೇ.

ಒಂದು ಶನಿವಾರ ಮುನಿಆಂಜಿನಪ್ಪ ಕ್ಲಿನಿಕ್ಕಿಗೆ ಬಂದು ಬಾಗಿಲಲ್ಲೇ ನಿಂತರು. ದೊಡ್ಡ ಆಳು, ಮೂರು ಕಡೆ ಕಟ್ಟಡದ ಕೆಲಸ ನಡೆಸುವವರು. ಅವತ್ತು ಅವರ ದನಿಯೇ ಏಳಲಿಲ್ಲ.

"ಮೇಡಂ, ಅಮ್ಮಂಗೆ ಕಿವಿ ಅಲ್ಲ ಅನ್ಸುತ್ತೆ. ತಲೇಲೇ ಏನೋ ಆಗಿದೆ. ಗ್ಯಾಸ್ ಹಚ್ಚಿಟ್ಟು ಮರೆತ್ರು. ಸೋಮವಾರ ತಲೆ ಡಾಕ್ಟ್ರಿಗೆ ತೋರಿಸ್ತಾ ಇದೀವಿ."

"ಮರೆವು ಹೆಂಗಿದೆ? ಮೊದ್ಲೇ ಇತ್ತಾ?"

"ಇರ್ಲಿಲ್ಲ. ಈ ಎರಡು ತಿಂಗ್ಳಲ್ಲಿ."

ಎರಡು ತಿಂಗಳು ಎಂದರೆ ಮೆಷೀನು ರಿಪೇರಿಯಿಂದ ಬಂದಾಗಿನಿಂದ. ಡಾಕ್ಟರಿಗೆ ತೋರಿಸುವುದು ಬೇಡ ಎನ್ನಲು ನಯನಾಗೆ ಬಾಯಿ ಬರಲಿಲ್ಲ. ನಿಜವಾಗಿಯೂ ಏನಾದರೂ ಇದ್ದರೆ? ಆದರೆ ಸ್ಕೂಟರಿನಲ್ಲಿ ಅಮೃತಹಳ್ಳಿಯ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಕೊರೆಯಿತು. ಉರಿಯುವ ಗ್ಯಾಸಿನ ಸುಯ್ ಎನ್ನುವ ಸದ್ದು ಕೇಳದಿದ್ದರೆ ಯಾರು ತಾನೇ ಒಲೆಯ ಕಡೆ ತಿರುಗಿ ನೋಡುತ್ತಾರೆ?

ಮನೆಗೆ ಬಂದವಳೇ ಗಂಡ ಶರತ್‌ನನ್ನು ಕೇಳಿದಳು. "ನನ್ನ ಮೊದಲನೇ ಲ್ಯಾಪ್‌ಟಾಪ್ ಎಲ್ಲಿದೆ?"

"ಅಟ್ಟದ ಮೇಲೆ. ಯಾಕೆ?"

"ಅಕ್ಕಯ್ಯಮ್ಮನ ಮೆಷೀನ್ ಮೊದಲು ಸೆಟ್ ಮಾಡಿದ್ದು ಅದರಲ್ಲೇ."

ಶರತ್ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಕಂಪ್ಯೂಟರ್ ಬಿಚ್ಚಿ ಜೋಡಿಸುವುದು ಅವನ ಹುಚ್ಚು. ಅವನು ತಲೆ ಕೆರೆದುಕೊಂಡ. "ಅದರಲ್ಲಿ ಹಳೇ ಸಿಸ್ಟಮ್ ಇಲ್ಲ ಕಣೇ. ಲಾಕ್‌ಡೌನ್‌ನಲ್ಲಿ ಪಾಪು ಕ್ಲಾಸಿಗೆ ಬೇಕು ಅಂತ ಹೊಸಾದು ಹಾಕಿದ್ನಲ್ಲ."

"ಮತ್ತೆ ಹಳೇದು ಹಾಕಕ್ಕಾಗಲ್ವಾ? ತಂದಾಗ ಹೆಂಗಿತ್ತೋ ಹಂಗೆ?"

"ಕಂಪನಿಯವ್ರು ಡಿಸ್ಕಿನಲ್ಲೇ ಒಂದು ಕಾಪಿ ಬಚ್ಚಿಟ್ಟಿರ್ತಾರೆ. ನಾನು ಅದನ್ನ ಅಳಿಸಿಲ್ಲ ಅಂದ್ರೆ ಆಗುತ್ತೆ." ಅಟ್ಟದ ಕಡೆ ನೋಡಿ ಸೇರಿಸಿದ, "ಅಳಿಸಿದ್ನಾ ಇಲ್ವಾ ನೆನಪಿಲ್ಲ."

ಭಾನುವಾರ ತಿಂಡಿ ಮುಗಿಸಿ ಅದನ್ನು ಕೆಳಗಿಳಿಸಿದರು. ಬ್ಯಾಟರಿ ಸತ್ತೇ ಹೋಗಿತ್ತು. ಚಾರ್ಜರ್ ಚುಚ್ಚಿದ್ದರೆ ಮಾತ್ರ ಉಸಿರು. ಒಳಗಿದ್ದ ಮಗಳ ಚಿತ್ರಗಳನ್ನೂ ಆನ್‌ಲೈನ್ ಕ್ಲಾಸಿನ ಅಷ್ಟಿಷ್ಟು ವೀಡಿಯೋಗಳನ್ನೂ ಪೆನ್ ಡ್ರೈವಿಗೆ ಇಳಿಸಿದ ಮೇಲೆ, ಶರತ್ ಆನ್ ಮಾಡುವಾಗ ಕೀಬೋರ್ಡಿನ ಮೇಲುಸಾಲಿನ ಗುಂಡಿಯೊಂದನ್ನು ಪಟಪಟ ಒತ್ತಿದ. ಕಂಪನಿಯ ಪರದೆ ಬರಬೇಕಿತ್ತು. ಬರಲಿಲ್ಲ. ಅವನು ಹಾಕಿದ್ದ ಹೊಸ ಸಿಸ್ಟಮ್ಮೇ ನಿಧಾನವಾಗಿ ಕಣ್ಣುಬಿಟ್ಟಿತು. ಇನ್ನೊಮ್ಮೆ ಒತ್ತಿದ, ಮತ್ತೂ ಒಮ್ಮೆ. ಅದೇ ಕಥೆ.

"ಹೋಗಿದೆ ಬಿಡು" ಎಂದಳು ನಯನಾ.

"ತಡಿ." ಅವನು ಡಿಸ್ಕಿನ ಭಾಗಗಳನ್ನು ತೋರಿಸುವ ಪಟ್ಟಿ ತೆರೆದ. ದೊಡ್ಡದೊಂದು ಭಾಗ, ಅದರ ಹಿಂದೆ ಹೆಸರೇ ಇಲ್ಲದ ಇನ್ನೊಂದು ಸಣ್ಣ ಭಾಗ. ಸಣ್ಣದರ ತುಂಬ ಏನೋ ಇತ್ತು. ಶರತ್‌ನ ಮುಖ ಅರಳಿತು. "ಇದೆ! ಅಳಿಸಿಲ್ಲ! ಅಲ್ಲಿಗೆ ಹೋಗೋ ದಾರಿ ಮಾತ್ರ ಮುಚ್ಚಿಬಿಟ್ಟಿದೀನಿ." ಏನೇನೋ ಟೈಪ್ ಮಾಡಿ, ಇನ್ನು ಮೇಲೆ ಆ ಭಾಗದಿಂದಲೇ ಶುರುವಾಗಬೇಕು ಎಂದು ಗುರುತು ಹಾಕಿದ. ಈ ಸಲ ಆನ್ ಮಾಡಿದಾಗ ನೀಲಿ ಪರದೆಯೊಂದು ಬಂತು. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮಧ್ಯದಲ್ಲಿ ವಿದ್ಯುತ್ ನಿಲ್ಲಿಸಬೇಡಿ ಎಂಬ ಎಚ್ಚರಿಕೆ ಅದರಲ್ಲಿತ್ತು.

ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಇಬ್ಬರೂ ಮೇಲೆ ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿದರು. ಆ ವಾರವೆಲ್ಲ ಅವರ ಬೀದಿಯಲ್ಲಿ ಕೇಬಲ್ ಅಗೆತ. ಕರೆಂಟು ಯಾವಾಗ ಬೇಕಾದರೂ ಹೋಗುತ್ತಿತ್ತು. ಅರ್ಧದಲ್ಲಿ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

"ಅಕ್ಕಯ್ಯಮ್ಮನ ಮನೇಲಿ ಯುಪಿಎಸ್ ಇದೆ. ಅಲ್ಲಿಗೇ ಹೋಗೋಣ" ಎಂದಳು ನಯನಾ.

ಮುನಿಆಂಜಿನಪ್ಪ ತಾವೇ ಟೀವಿ ಪಕ್ಕದ ಟೀಪಾಯಿ ಖಾಲಿ ಮಾಡಿಕೊಟ್ಟರು. ಅಕ್ಕಯ್ಯಮ್ಮ ದಿವಾನಿನ ಮೇಲೆ ಕೂತು ಇವರನ್ನು ನೋಡಿದರು. ಎಂದಿನ ಹಾಗೆ "ಬಾ ಅಮ್ಮಣ್ಣಿ" ಎನ್ನಲಿಲ್ಲ. ನಕ್ಕು ತಲೆಯಾಡಿಸಿದರು.

ಶರತ್ ಗುಂಡಿ ಒತ್ತಿದ. ಪರದೆಯ ಮೇಲೆ ಹಸಿರು ಪಟ್ಟಿ ಇಷ್ಟಿಷ್ಟೇ ತುಂಬತೊಡಗಿತು. ಅಡುಗೆಮನೆಯಿಂದ ಕಾಫಿ ಬಂತು, ಕುಡಿದದ್ದೂ ಆಯಿತು, ಪಟ್ಟಿ ಅರ್ಧವನ್ನೂ ದಾಟಿರಲಿಲ್ಲ. ಆಗಲೇ ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಟೀವಿಯ ಕೆಂಪು ದೀಪ ಆರಿತು.

ನಯನಾ ಶರತ್‌ನ ತೋಳು ಹಿಡಿದುಕೊಂಡಳು. ಇಬ್ಬರಿಗೂ ಲ್ಯಾಪ್‌ಟಾಪಿನ ಕಡೆ ನೋಡಲು ಭಯ. ನೋಡಿದರೆ, ಹಸಿರು ಪಟ್ಟಿ ತನ್ನ ಪಾಡಿಗೆ ತಾನು ಮುಂದಕ್ಕೆ ಹೋಗುತ್ತಿತ್ತು.

"ಅಯ್ಯೋ, ಆ ಪ್ಲಗ್ಗು ಯುಪಿಎಸ್ ಲೈನು ಕಣ್ರೀ" ಎಂದು ಮುನಿಆಂಜಿನಪ್ಪ ಒಳಗಿಂದ ಕೂಗಿದರು. "ಫ್ಯಾನಿಗೇ ಕೊಟ್ಟಿಲ್ಲ, ನೋಡಿ!"

ಶರತ್ ಗಟ್ಟಿಯಾಗಿ ನಕ್ಕುಬಿಟ್ಟ. ಸೆಕೆಯಲ್ಲಿ ಬೆವರುತ್ತ ಎಲ್ಲರೂ ಆ ಪಟ್ಟಿಯನ್ನೇ ನೋಡುತ್ತ ಕೂತರು. ಕರೆಂಟು ಬಂದು ಸ್ವಲ್ಪ ಹೊತ್ತಿನ ಮೇಲೆ ಲ್ಯಾಪ್‌ಟಾಪು ತಾನೇ ಆಫ್ ಆಗಿ ಆನ್ ಆಯಿತು. ಅಂಗಡಿಯಿಂದ ಆಗಷ್ಟೇ ತಂದಂತೆ, ನಿಮ್ಮ ಹೆಸರೇನು, ಯಾವ ದೇಶ ಎಂದೆಲ್ಲ ಕೇಳಿತು. ಹಿನ್ನೆಲೆಯಲ್ಲಿ ಕಂಪನಿಯ ಗುರುತಿನ ನೀಲಿ ಚಿತ್ರ. ಮೊದಲ ಸಂಬಳ ಕೂಡಿಟ್ಟು ಕೊಂಡಾಗ ನಯನಾ ನೋಡಿದ್ದ ಅದೇ ಚಿತ್ರ. ಯಾವುದೋ ಕಾಲದ ಆ್ಯಂಟಿವೈರಸ್ ಒಂದು ಮೂಲೆಯಿಂದ ಎದ್ದು, ತನ್ನನ್ನು ಕೊಳ್ಳಿರೆಂದು ಗೋಗರೆಯಿತು. ಶರತ್ ಅದರ ಬಾಯಿ ಮುಚ್ಚಿಸಿದ.

ಸಿಡಿ ಒಳಗೆ ಹೋಯಿತು. ಒಂದಿಷ್ಟು ಗುರ್ ಎಂದು ಸಾಫ್ಟ್‌ವೇರು ತಕರಾರಿಲ್ಲದೆ ಕೂತುಕೊಂಡಿತು. ನಯನಾ ಡಬ್ಬಿ ಜೋಡಿಸಿ, ವೈರಿನ ತುದಿಯನ್ನು ಅಕ್ಕಯ್ಯಮ್ಮನ ಹಳೆಯ ಮೆಷೀನಿಗೆ ಸಿಕ್ಕಿಸಿದಳು. ಡಬ್ಬಿಯ ಮೇಲೆ ಹಸಿರು ದೀಪ ಹತ್ತಿತು. ಪರದೆಯ ಮೇಲೆ ಮೆಷೀನಿನ ಚಿತ್ರ ಬಂತು, ಪಕ್ಕದಲ್ಲಿ ಅದರ ಮಾಡೆಲ್ ನಂಬರು.

"ಸಿಕ್ತು" ಎಂದಳು.

ಹೊಸ ಮೆಷೀನು ಕೂರಿಸುವಾಗ ತೆಗೆದಿದ್ದ ಪರೀಕ್ಷೆಯ ಅಂಕಿಗಳನ್ನು ತುಂಬಿಸಿ, ಮೆಷೀನನ್ನು ಅಕ್ಕಯ್ಯಮ್ಮನ ಕಿವಿಗೆ ಹಾಕಿದಳು. ವೈರು ಭುಜದ ಮೇಲಿಂದ ಇಳಿಬಿದ್ದಿತ್ತು. ಸದ್ದನ್ನು ಒಂದೊಂದೇ ಹೆಜ್ಜೆ ಏರಿಸುತ್ತ ಸಣ್ಣ ದನಿಯಲ್ಲಿ ಕೇಳಿದಳು, "ಅಜ್ಜಿ, ನನ್ನ ಮಾತು ಹೆಂಗ್ ಕೇಳ್ತಿದೆ?"

ಅಕ್ಕಯ್ಯಮ್ಮ ತಲೆಯಾಡಿಸಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಅವಳ ಬಾಯಿಯನ್ನೇ ನೋಡಿದರು.

"ದೂರ ಅದೆ. ಇನ್ನೊಂಚೂರು ಅತ್ರ ತತ್ತಾ."

ಏರಿಸಿದಳು. ಒಳಗೆ ಯಾರೋ ತಟ್ಟೆ ಇಟ್ಟರು. ಅಕ್ಕಯ್ಯಮ್ಮ ಬೆಚ್ಚಿದರು. "ಅದು ಬ್ಯಾಡ, ಅದ್ನ ಇಳಿಸು. ಮಾತು ಇಳಿಸಬ್ಯಾಡ." ನಯನಾ ಎತ್ತರದ ಸದ್ದುಗಳನ್ನು ತಗ್ಗಿಸಿ, ಮಾತಿನ ಭಾಗವನ್ನು ಹಾಗೇ ಬಿಟ್ಟಳು. ಮತ್ತೆ ಸ್ವಲ್ಪ ಏರಿಸಿದಳು, ಅರ್ಧ ಇಳಿಸಿದಳು. ಪರದೆ ನೋಡಿಕೊಂಡೇ ಇನ್ನೇನೋ ಕೇಳಲು ಹೊರಟವಳಿಗೆ ಬೆನ್ನಹಿಂದಿನಿಂದ ಮುನಿಆಂಜಿನಪ್ಪನ ಮಾತು ಕೇಳಿಸಿತು. ಅವರು ಬಾಗಿಲ ಬಳಿ ಶರತ್‌ನಿಗೆ ಮೆಲ್ಲಗೆ ಹೇಳುತ್ತಿದ್ದರು, "ಏನೇ ಆಗ್ಲಿ, ನಾಳೆ ಡಾಕ್ಟ್ರತ್ರ ಹೋಗೋದೇ ವಾಸಿ."

"ಯಾವ ಡಾಕುಟ್ರು?" ಎಂದರು ಅಕ್ಕಯ್ಯಮ್ಮ, ತಿರುಗಿಯೂ ನೋಡದೆ. "ಯಾರಿಗ್ಲಾ, ಆಂಜಿನಿ?"

ಮುನಿಆಂಜಿನಪ್ಪ ದಿವಾನಿನ ಹತ್ತಿರ ಬಂದು ತಾಯಿಯ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟರು. "ನಿಂಗೇ ಕಣಮ್ಮ. ಕೇಳಿದ್ದಕ್ಕೆಲ್ಲ ಸುಮ್ನೆ ನಗ್ತಿದ್ದೆ. ನಮಗೆ ಏನ್ ಅಂದ್ಕೋಬೇಕು?"

"ಎಷ್ಟು ಸತಿ ಏನು ಏನು ಅಂತ ಕೇಳ್ಳಿ? ಮೂರ್ನೇ ಸತಿ ಕೇಳಿದ್ರೆ ನಿಮ್ಮ ಮುಖ ನೋಡಕ್ಕಾಗಾಕಿಲ್ಲ." ಅಕ್ಕಯ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ಗೂ ಬುದ್ಧಿ ಓಯ್ತು ಅಂತ್ಲೇ ಅಂದ್ಕಂಡಿದ್ದೆ ಕಣ್ಲಾ. ಯಾರ್ಗೂ ಯೋಳಲಿಲ್ಲ."

ನಯನಾ ಹೊಂದಾಣಿಕೆಯನ್ನು ಮೆಷೀನಿನೊಳಗೆ ಉಳಿಸುವ ಗುಂಡಿ ಒತ್ತಿ, ಉಳಿಯಿತೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿ, ವೈರು ತೆಗೆದಳು.

"ತಲೆ ಡಾಕ್ಟ್ರಿಗೆ ಫೋನ್ ಮಾಡಿ ಸದ್ಯಕ್ಕೆ ಮುಂದಕ್ಕೆ ಹಾಕ್ಸಿ" ಎಂದಳು. "ಒಂದು ತಿಂಗ್ಳು ನೋಡೋಣ. ಆಮೇಲೂ ಮರೆವು ಕಂಡ್ರೆ ಖಂಡಿತ ತೋರ್ಸೋಣ."

ಮುನಿಆಂಜಿನಪ್ಪ ತಲೆಯಾಡಿಸಿ ಮುಖ ಒರೆಸಿಕೊಂಡರು. ಶರತ್ ಲ್ಯಾಪ್‌ಟಾಪನ್ನು ಇಂಟರ್ನೆಟ್ಟಿಗೆ ಸೇರದಂತೆ ಮಾಡಿ, ಇನ್ನು ಇದು ಕ್ಲಿನಿಕ್ಕಿನಲ್ಲೇ ಇರಲಿ, ಇದಕ್ಕೆ ಬೇರೆ ಕೆಲಸ ಹೇಳಬೇಡ ಎಂದು ನಯನಾಗೆ ಹೇಳಿದ. ಕಂಪನಿಯ ಕಾಪಿಯಿಂದ ಸಿಸ್ಟಮ್ಮನ್ನು ಡಿವಿಡಿಗಳಿಗೂ ಬರೆದಿಡುತ್ತೇನೆ ಎಂದ. ಅವಳು ಬೇಡವೆನ್ನಲಿಲ್ಲ.

ಮಧ್ಯಾಹ್ನವಾಗಿತ್ತು. ಉಂಡು ಹೋಗಲೇಬೇಕು ಎಂದು ಸೊಸೆ ಹಟ ಹಿಡಿದಳು. ಮುದ್ದೆ, ಅವರೆಕಾಳಿನ ಸಾರು. ತಟ್ಟೆಯ ಮುಂದೆ ಕೂತಾಗಲೇ ಅಕ್ಕಯ್ಯಮ್ಮ ಮೊಬೈಲು ತರಿಸಿಕೊಂಡು, ಜಕ್ಕೂರಿನಲ್ಲಿರುವ ತಂಗಿ ಗಂಗರತ್ನಮ್ಮನಿಗೆ ಫೋನ್ ಹಚ್ಚಿಸಿದರು. ಆ ಕಡೆಯಿಂದ ಗಂಗರತ್ನಮ್ಮ ಬೈಯುವುದು ಪಂಕ್ತಿಗೆಲ್ಲ ಕೇಳುತ್ತಿತ್ತು. ಇಷ್ಟು ದಿನ ಫೋನ್ ಎತ್ತಲಿಲ್ಲ, ಸತ್ತೆಯೋ ಇದ್ದೀಯೋ ತಿಳಿಯಲಿಲ್ಲ, ಕೊಬ್ಬು ನಿನಗೆ ಎಂದೆಲ್ಲ.

ಅಕ್ಕಯ್ಯಮ್ಮ ಒಂದು ಮಾತಿಗೂ ಅಡ್ಡ ಬರಲಿಲ್ಲ. ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ಕೈಯಲ್ಲೇ ಹಿಡಿದುಕೊಂಡು, ಪೂರ್ತಿ ಬೈಗುಳವನ್ನು ಕೇಳಿಸಿಕೊಂಡರು. ಮುಗಿಯಿತು ಎನ್ನುವಾಗ, "ಊಂ, ಇನ್ನೇನು? ಯೋಳು" ಎಂದರು.