ಎರಡು ಸಲ ಕೂಡಿಸಿದ ಎರಡೂವರೆ ಗಂಟೆ

ಬಹರೈನಿನಿಂದ ಮಂಗಳೂರಿಗೆ ಎಷ್ಟು ದೂರ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಲೀಲಾಕ್ಷಿ ಹೇಳುತ್ತಿದ್ದಳು: ಹೆಚ್ಚುಕಡಿಮೆ ಎರಡು ಸಾವಿರದ ಒಂಬೈನೂರು ಕಿಲೋಮೀಟರ್, ನಾಲ್ಕು ಗಂಟೆಯ ಹಾರಾಟ. ಅಲ್ಲಿಯ ಮನಾಮಾ ನಗರದ ಹಳೇ ಸೂಕ್ ಬಜಾರಿನ ಟಿಕೆಟ್ ಅಂಗಡಿಯಲ್ಲಿ ಹದಿನೆಂಟು ವರ್ಷ ಕೂತವಳು. ಇಂಥವಳು ಹೊತ್ತು ತಪ್ಪಿ ಹೇಳಿದಳೆಂದರೆ ಯಾರು ನಂಬಬೇಕು ಮಾರಾಯ್ರೆ!

ತಪ್ಪಿದಳು, ಅದೂ ಹೆತ್ತಮ್ಮ ತೀರಿಕೊಂಡ ದಿನವೇ. ಟಿಕೆಟ್‌ನಲ್ಲಿ ಮುಟ್ಟುವ ಹೊತ್ತು ಸಂಜೆ ಐದು ಎಂದಿತ್ತು. ಅದು ಊರಿನ ಗಡಿಯಾರದ ಐದೇ. ಆದರೆ ಊರಿಗೆ ಫೋನ್ ಮಾಡುವಾಗೆಲ್ಲ ಇಲ್ಲಿಯ ಹೊತ್ತಿಗೆ ಎರಡೂವರೆ ಗಂಟೆ ಕೂಡಿಸಿ ಕೂಡಿಸಿ ಅಭ್ಯಾಸವಾದ ನಾಲಿಗೆ, ಅಳುತ್ತಲೇ ತಮ್ಮ ಸಂದೇಶನಿಗೆ "ಏಳೂವರೆಗೆ ಮುಟ್ತೇನೆ" ಎಂದುಬಿಟ್ಟಿತು. ಇಳಿದ ಕೂಡಲೇ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಆರಕ್ಕೆ ಮನೆ ಮುಟ್ಟುವಾಗ ಚಿತೆ ಅರ್ಧ ಉರಿದಿತ್ತು.

"ಏಳೂವರೆ ಅಂದದ್ದಲ್ವಾ ಅಕ್ಕ ನೀನು? ಕತ್ತಲಾದ ಮೇಲೆ ಬೆಂಕಿ ಕೊಡ್ಲಿಕ್ಕಾಗುದಿಲ್ಲ ಅಂದ್ರು ಹಿರಿಯರು," ಎಂದ ಸಂದೇಶ್.

ಅಂದಿನಿಂದ ಅಂಗಡಿಯಲ್ಲಿ ಟಿಕೆಟ್ ಪ್ರಿಂಟ್ ಆಗುವಾಗೆಲ್ಲ ಬೆನ್ನ ಹಿಂದೆ ಅಮ್ಮನ ದನಿ. ಪ್ರತಿ ಸಲ ಊರಿಗೆ ಹೊರಟಾಗ ಕೇಳುತ್ತಿದ್ದ ಅದೇ ಮಾತು: "ಎಷ್ಟು ಗಂಟೆಗೆ ಮುಟ್ತಿ ಮಗಾ?" ಲೀಲಾಕ್ಷಿ ತಿರುಗಿ ನೋಡುತ್ತಿರಲಿಲ್ಲ. ಯಾವ ಮುಖ ಇಟ್ಟುಕೊಂಡು ನೋಡುವುದು?

ಮೊನ್ನೆ ಪಕ್ಕದ ರಿಫಾ ಪಟ್ಟಣದಿಂದ ಕುಶಲ ಎಂಬ ಊರ ಕಡೆಯ ಹುಡುಗ ಬಂದ. ಕಣ್ಣು ಕೆಂಪಗಿತ್ತು. ಅಪ್ಪ ತೀರಿಹೋಗಿದ್ದರು, ನಾಳೆ ಬೆಳಗ್ಗಿನ ವಿಮಾನವೇ ಬೇಕಿತ್ತು. ಟಿಕೆಟ್ ಕೈಗೆ ಬಂದದ್ದೇ ಅವನು ಮನೆಗೆ ಫೋನ್ ಹಚ್ಚಿದ: "ಭಾವ, ನಾನು ಏಳೂವರೆಗೆ..."

ಲೀಲಾಕ್ಷಿ ಮೇಜಿನ ಮೇಲೆ ಬಗ್ಗಿ ಅವನ ಕೈಯಿಂದ ಫೋನು ಕಸಿದುಕೊಂಡಳು.

"ಐದಕ್ಕೆ! ನಿಮ್ಮ ಗಡಿಯಾರದಲ್ಲೇ ಐದಕ್ಕೆ ಇಳೀತಾನೆ. ಕಾಯಿರಿ, ದಮ್ಮಯ್ಯ! ಅವ ಬಾರದೆ ಬೆಂಕಿ ಕೊಟ್ಟೀರಿ ಮತ್ತೆ!"

ಕುಶಲ ಟಿಕೆಟ್ ಬಿಡಿಸಿ ಹೊತ್ತನ್ನು ಮತ್ತೊಮ್ಮೆ ಓದಿದ.

ಮರುದಿನ ಮಧ್ಯಾಹ್ನ ಮೂರೂವರೆಗೆ, ಅಂದರೆ ಊರಿನ ಆರಕ್ಕೆ, ಅವನ ಫೋನು ಬಂತು. "ಅಪ್ಪನ ಮುಖ ನೋಡ್ಲಿಕ್ಕೆ ಸಿಕ್ಕಿತು ಅಕ್ಕ," ಎಂದು ಬಿಕ್ಕಿದ. ಲೀಲಾಕ್ಷಿಗೂ ಅಳು ತಡೆಯಲಿಲ್ಲ.

ಫೋನು ಕೆಳಗಿಟ್ಟಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆಗ ಟಿಕೆಟ್ ಯಾವುದೂ ಪ್ರಿಂಟ್ ಆಗುತ್ತಿರಲಿಲ್ಲ, ಆದರೂ ಬೆನ್ನ ಹಿಂದೆ ದನಿ ಕೇಳಿತು.

"ಎಷ್ಟು ಗಂಟೆಗೆ ಮುಟ್ತಿ ಮಗಾ?"

ಮೊದಲ ಬಾರಿಗೆ ಅವಳು ಉತ್ತರ ಕೊಟ್ಟಳು. "ಐದಕ್ಕೆ ಅಮ್ಮಾ. ಐದಕ್ಕೇ ಮುಟ್ತೇನೆ."

"ಹಾಗಾದ್ರೆ ಕಾಯ್ತೇನೆ," ಎಂದಿತು ದನಿ.

ಲೀಲಾಕ್ಷಿ ತಿರುಗಿ ನೋಡಿದಳು. ಊರಿನ ಹೊತ್ತಿಗೆ ಇಟ್ಟ ಗೋಡೆ ಗಡಿಯಾರದಲ್ಲಿ ಆರು ದಾಟಿತ್ತು, ಅಂದು ಅವಳು ಮನೆ ಮುಟ್ಟಿದ ಹೊತ್ತು.