ಆಲ್ಬಂ ಮೇಲಿನ ಹೆಸರು

ಸಮನ್ವಿತಾ ಎರಡೆರಡು ಮೆಟ್ಟಿಲು ಹಾರಿಕೊಂಡು ಮಹಡಿಯಿಂದ ಇಳಿದಳು. ಕೆಳಗೆ ಹಾಲ್‌ನಲ್ಲಿ ಓನರ್ ಆಂಟಿ ಗಿರಿಜಾದೇವಿಯವರ ಶವ, ಸುತ್ತ ನೆಂಟರು. ನಿನ್ನೆ ಮಧ್ಯಾಹ್ನ ಮಲಗಿದವರು ಏಳಲೇ ಇಲ್ಲ. ಆದರೂ ಹುಡುಗಿಯ ಎದೆ ಖುಷಿಯಿಂದ ಹೊಡೆದುಕೊಳ್ಳುತ್ತಿತ್ತು, ಅದಕ್ಕೆ ಅವಳಿಗೇ ನಾಚಿಕೆ. ಆಂಟಿ ಮೊನ್ನೆ ನುಡಿಸಿಟ್ಟಿದ್ದ ಹತ್ತನೆಯ ಹಾಡಿನ ಮಿಕ್ಸಿಂಗ್ ಈಗಷ್ಟೇ ಮುಗಿದಿತ್ತು. ಆಲ್ಬಂ ಪೂರ್ತಿಯಾಗಿತ್ತು.

“ಪಾಪ, ನಮ್ಮತ್ತಿಗೆಗೆ ಏನು ಗೊತ್ತಿತ್ತು?” ನಾದಿನಿ ನಾಗಲಕ್ಷ್ಮಮ್ಮ ಕಣ್ಣೊರೆಸಿಕೊಂಡರು. “ರಿಟೈರ್ ಆಗೋವರೆಗೂ ಆಫೀಸಲ್ಲಿ ಟೈಪಿಂಗು, ಮನೇಲಿ ಅಡಿಗೆ, ಸಂಜೆ ದೇವಸ್ಥಾನ.”

*

ಆ ದೇವಸ್ಥಾನ ಮಹಡಿಯ ಮೇಲಿತ್ತು. ಎರಡು ವರ್ಷದಿಂದ ಸಂಜೆ ಐದಕ್ಕೆ ಗಿರಿಜಾದೇವಿ ಹೂಬುಟ್ಟಿ ಹಿಡಿದು ಹೊರಟು, ಹಿಂದಿನ ಮೆಟ್ಟಿಲು ಹತ್ತಿ ಬಾಡಿಗೆ ಹುಡುಗಿಯ ರೂಮು ಸೇರುತ್ತಿದ್ದರು. ಅವಳು ಹಾಡಿಗೆ, ಇವರು ಸಿಂಥ್ ಕೀಬೋರ್ಡಿಗೆ. ಹಳೆಯ ಚಿತ್ರಗೀತೆಗಳನ್ನು ಇಬ್ಬರೂ ಕುಣಿಯುವಂತೆ ಹೊಸದಾಗಿ ಕಟ್ಟುತ್ತಿದ್ದರು. ಸಿಂಥ್ ಸದ್ದು ಹೆಡ್‌ಫೋನಿನೊಳಗಷ್ಟೇ. ಕೆಳಗೆ ಪೇಪರ್ ಓದುವ ಗಂಡ ಶಾಮಣ್ಣನವರಿಗೆ ಕೇಳಿಸುತ್ತಿದ್ದುದು ಹುಡುಗಿಯ ಗಂಟಲು ಮಾತ್ರ. “ಒಬ್ಳೇ ಅರಚ್ಕೋತಾಳಲ್ಲೇ,” ಎಂದು ಹೆಂಡತಿಗೇ ದೂರುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ.

“ಆಲ್ಬಂ ಮೇಲೆ ನಿಮ್ಮ ಹೆಸರೂ ಹಾಕೋಣ ಆಂಟಿ.”

“ನಮ್ಮನೆಯೋರು ಒಪ್ಪಿದ್ರೆ ಹಾಕಮ್ಮ. ಇಲ್ದಿದ್ರೆ ನಿನ್ನದೊಂದೇ ಸಾಕು.”

ಗಂಡನನ್ನು ಕೇಳುವ ಧೈರ್ಯ ಮಾತ್ರ ಗಿರಿಜಾದೇವಿಯವರಿಗೆ ಕೊನೆವರೆಗೂ ಬರಲಿಲ್ಲ.

*

ಶವ ಎತ್ತಿ ವ್ಯಾನಿನಲ್ಲಿ ಇಟ್ಟರು. ಸಮನ್ವಿತಾ ಶಾಮಣ್ಣನವರ ಮುಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

“ನಮ್ಮೋಳಾ? ತಮಾಷೆಗೆ ಇದೇನಮ್ಮ ಹೊತ್ತು?”

“ದಾರೀಲಿ ಒಂದೇ ಒಂದು ಹಾಡು ಕೇಳಿ ಅಂಕಲ್. ಆಮೇಲೆ ಬೇಡ ಅಂದ್ರೆ ಹೆಸರು ಹಾಕಲ್ಲ.”

“ಹೆಣದ ಗಾಡೀಲಿ ಸಿನಿಮಾ ಹಾಡಾ?” ಎಂದರು ನಾಗಲಕ್ಷ್ಮಮ್ಮ.

ಶಾಮಣ್ಣ ತಂಗಿಯ ಮುಖವನ್ನೂ ಹುಡುಗಿಯ ಮುಖವನ್ನೂ ನೋಡಿದರು. “ಹತ್ತಮ್ಮ,” ಎಂದು ತಾವು ಡ್ರೈವರ್ ಪಕ್ಕ ಕೂತರು.

ಯಡಿಯೂರು ಕೆರೆ ದಾಟುವ ಹೊತ್ತಿಗೆ ವ್ಯಾನಿನ ಸ್ಪೀಕರಿನಲ್ಲಿ ಭಜನೆ ನಿಂತು ಹಾಡು ಶುರುವಾಯಿತು. ಹುಡುಗಿಯ ದನಿ ಶಾಮಣ್ಣನವರಿಗೆ ಗೊತ್ತಿದ್ದದ್ದೇ. ಅದರ ಕೆಳಗೆ ಓಡುತ್ತಿದ್ದುದು ಹೊಸದು. ಚಕಚಕನೆ ಓಟ, ಸಾಲಿನ ಕೊನೆಗೆ ಒಂದು ಗಳಿಗೆ ನಿಂತು, ಜೋರಾಗಿ ಒಂದೇಟು.

“ಇವಳೇ,” ಎಂದರು ಅವರು. “ಮನೇಲಿ ಟೈಪ್ ಮಾಡೋವಾಗ್ಲೂ ಹೀಗೇ ಕುಟ್ಟೋಳು.” ಅವರ ಕಣ್ಣು ತುಂಬಿತ್ತು, ಮುಖ ಮಾತ್ರ ಅರಳಿತ್ತು. ಹಿಂದೆ ಕೂತ ಸಮನ್ವಿತಾ ಅವರ ಮುಖ ನೋಡಲು ಮುಂದಕ್ಕೆ ಬಾಗಿದಳು.

ಬನಶಂಕರಿ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತಲೆ ಹೊರಹಾಕಿದ. “ಸಖತ್ತಾಗಿದೆ ಗುರು. ಯಾರ್ದು ಮ್ಯೂಸಿಕ್ಕು?”

ಡ್ರೈವರ್ ಬಾಯಿ ತೆರೆಯುವ ಮೊದಲೇ ಶಾಮಣ್ಣ ಅವನ ಮೇಲಿಂದ ಕಿಟಕಿಯತ್ತ ಬಾಗಿದರು.

“ಗಿರಿಜಾದೇವಿ ಅಂತ. ನನ್ನ ಹೆಂಡ್ತಿ.”

ಹಸಿರು ಬಿತ್ತು. ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು. ಆಟೋದವನಿಗೆ ಹಾಡು ಕೇಳಿಸದೆ ಹೋದೀತೆಂದು ಶಾಮಣ್ಣನವರು ಕೈಚಾಚಿ ತಾವೇ ಸೌಂಡ್ ಏರಿಸಿದರು.